ಆಗಾಗ ಮುನಿಸಿಕೊಳ್ಳುವ ಕಾರು: ಇಮ್ಮೊಬಿಲೈಸರ್ ಮೇಲಿನ ಅನುಮಾನ ಎಷ್ಟು ನಿಜ?

(ಕೋಲಾರದಲ್ಲಿ ಟ್ಯಾಕ್ಸಿ ಚಾಲಕರು ಮತ್ತು ಕಾರು ಮಾಲೀಕರ ಎದುರು ವಾಹನಗಳ ಎಲೆಕ್ಟ್ರಿಷಿಯನ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಕೆಟ್ಟು, ಆಗಾಗ ತಾನಾಗಿಯೇ ಸರಿಹೋಗುವ ಕಾರಿದೆಯಲ್ಲ, ಅದು ಮೆಕ್ಯಾನಿಕ್‌ನ ಮರ್ಯಾದೆಯನ್ನೂ ತೆಗೆಯುತ್ತದೆ, ಮಾಲೀಕನ ಜೇಬನ್ನೂ ಖಾಲಿ ಮಾಡುತ್ತದೆ. ದಂತವೈದ್ಯರ ಬಾಗಿಲು ತಟ್ಟಿದ ಕೂಡಲೇ ಹಲ್ಲುನೋವು ಮಾಯವಾಗುವ ಹಾಗೆ, ಗ್ಯಾರೇಜಿಗೆ ಬಂದ ತಕ್ಷಣ ಸೆಲ್ಫ್, ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್, ಒಂದು ಸಲ ಹೊಡೆದರೆ ಸಾಕು, ಸ್ಟಾರ್ಟ್ ಆಗಿಬಿಡುತ್ತದೆ. ಆಮೇಲೆ ಊಹೆಯ ಮೇಲೆ ಬ್ಯಾಟರಿ ಬದಲಾಗುತ್ತದೆ, ಊಹೆಯ ಮೇಲೆ ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪ್ ಬದಲಾಗುತ್ತದೆ. ಕೊನೆಗೆ ಯಾರೋ ಒಬ್ಬರು ‘ಇಮ್ಮೊಬಿಲೈಸರ್ ಹೋಗಿದೆ’, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಕಾವಲು ಸಾಧನ ಕೆಟ್ಟಿದೆ ಎಂದು ತೀರ್ಪು ಕೊಡುತ್ತಾರೆ. ಆ ತೀರ್ಪಿನ ಹಿಂದೆಯೇ ದೊಡ್ಡ ಬಿಲ್ಲು ಬರುತ್ತದೆ.

ಇಲ್ಲಿ ಕುಳಿತಿರುವ ಅನೇಕರು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುವವರು. ರಾತ್ರಿ ಎರಡು ಗಂಟೆಗೆ ಪ್ರಯಾಣಿಕರು ಸೂಟ್‌ಕೇಸ್ ಹಿಡಿದು ಮನೆ ಬಾಗಿಲಲ್ಲಿ ನಿಂತಿರುತ್ತಾರೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಆಗ ನೀವು ಏನು ಮಾಡುತ್ತೀರಿ ಎಂದು ನನಗೆ ಗೊತ್ತು. ಕೀಯನ್ನು ಹತ್ತು ಸಲ ತಿರುಗಿಸುತ್ತೀರಿ. ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್‌ಗೆ ಸ್ಪ್ಯಾನರ್‌ನಿಂದ ಎರಡು ಏಟು ಹಾಕುತ್ತೀರಿ. ಬಾಗಿಲು ಲಾಕ್ ಮಾಡಿ ಮತ್ತೆ ತೆಗೆಯುತ್ತೀರಿ. ಇಷ್ಟರಲ್ಲಿ ಕಾರು ಸ್ಟಾರ್ಟ್ ಆಗುತ್ತದೆ, ನೀವು ಹೊರಟುಬಿಡುತ್ತೀರಿ. ಯಾವುದರಿಂದ ಸರಿಹೋಯಿತು? ಯಾರಿಗೂ ಗೊತ್ತಿಲ್ಲ. ಮರುದಿನ ನನ್ನ ಬಳಿ ಬಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಕಾರು ನಿರಾಕರಿಸಿದ ಆ ಗಳಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೀಟರ್‌ನಲ್ಲಿದ್ದ ಕೀ ಚಿತ್ರದ ದೀಪ ಆರಿತ್ತೇ, ಉರಿಯುತ್ತಿತ್ತೇ, ಮಿನುಗುತ್ತಿತ್ತೇ? ಉತ್ತರ ಸಿಗುವುದು ಅಪರೂಪ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಗಳಿಗೆಯ ಬಗ್ಗೆಯೇ ಇದೆ. ದೋಷ ಎದುರಿಗೆ ನಿಂತಿರುವಾಗ ನೋಡದೆ, ಅದು ಹೋದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಮೊದಲು ಈ ಇಮ್ಮೊಬಿಲೈಸರ್ ಮಾಡುವ ಕೆಲಸ ಏನು ಎಂದು ನೋಡೋಣ. ನಿಮ್ಮ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇದೆ. ಕೆಲವು ಕೀಗಳಲ್ಲಿ ಅದು ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ, ಕೆಲವದರಲ್ಲಿ ಚಿಕ್ಕ ಕಪ್ಪು ತುಂಡು. ಅದಕ್ಕೆ ಸ್ವಂತ ಬ್ಯಾಟರಿ ಬೇಕಾಗಿಲ್ಲ. ಕೀ ಹಾಕುವ ಲಾಕ್‌ನ ಬಾಯಿಯ ಸುತ್ತ ತಂತಿ ಸುತ್ತಿದ ಒಂದು ಬಳೆ, ಅಂದರೆ ಕಾಯಿಲ್ ಇರುತ್ತದೆ. ನೀವು ಕೀ ಆನ್ ಮಾಡಿದಾಗ ಆ ಕಾಯಿಲ್ ಹೆಚ್ಚಿನ ಕಾರುಗಳಲ್ಲಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆಯನ್ನು ಹೊರಡಿಸುತ್ತದೆ. ಆ ಅಲೆಯಿಂದಲೇ ಚಿಪ್‌ಗೆ ಶಕ್ತಿ ಸಿಕ್ಕಿ, ಅದು ತನ್ನ ಗುರುತನ್ನು ಹೇಳುತ್ತದೆ. ಈಚಿನ ಕಾರುಗಳಲ್ಲಿ ಸುಮ್ಮನೆ ಗುರುತು ಹೇಳಿದರೆ ಸಾಲದು. ಕಾರು ಪ್ರತಿ ಸಲ ಹೊಸದೊಂದು ಸಂಖ್ಯೆ ಕೊಟ್ಟು ಪ್ರಶ್ನೆ ಕೇಳುತ್ತದೆ, ಚಿಪ್ ಲೆಕ್ಕ ಹಾಕಿ ಉತ್ತರ ಕೊಡಬೇಕು. ಉತ್ತರ ಸರಿಯಿದ್ದರೆ ಎಂಜಿನ್‌ನ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ ಒಪ್ಪಿಗೆ ಹೋಗುತ್ತದೆ. ತಪ್ಪಿದರೆ ಇಂಧನ ಬರುವುದಿಲ್ಲ, ಪೆಟ್ರೋಲ್ ಎಂಜಿನ್‌ ಆದರೆ ಕಿಡಿಯೂ ಬರದಿರಬಹುದು. ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ತಿರುಗುವುದಿಲ್ಲ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನೊಳಗೆ.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಿರಿಯರು ಇಲ್ಲಿದ್ದೀರಿ. ಡ್ಯಾಶ್‌ಬೋರ್ಡ್ ಕೆಳಗಿನ ಎರಡು ತಂತಿ ಕೂಡಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿದ್ದ ಕಾಲ ಅದು. ಕಳ್ಳನಿಗೂ ಸುಲಭ, ಕೀ ಕಳೆದುಕೊಂಡ ಮಾಲೀಕನಿಗೂ ಸುಲಭ. ಯುರೋಪಿನ ಒಕ್ಕೂಟ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿತು, ಮುಂದೆ ನಮ್ಮ ಕಾರುಗಳಿಗೂ ಅದು ಬಂತು. ಮಾರುತಿ ಕಾರುಗಳಲ್ಲಿ ‘ಐಕ್ಯಾಟ್ಸ್’ ಎಂದು ಓದಿರುತ್ತೀರಿ, ಹ್ಯುಂಡೈ ವೈರಿಂಗ್ ನಕ್ಷೆಯಲ್ಲಿ ‘ಸ್ಮಾರ್ಟ್ರಾ’ ಎಂದಿರುತ್ತದೆ. ಹೆಸರು ಬೇರೆ, ಕೆಲಸ ಒಂದೇ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ‘ರಿಮೋಟ್ ಸೆಲ್ ಹೊಸದು ಹಾಕಿಸಿದೆ, ಆದರೂ ಸ್ಟಾರ್ಟ್ ಆಗುತ್ತಿಲ್ಲ’ ಎಂದು ಬರುವವರು ಬಹಳ. ಬಾಗಿಲು ತೆಗೆಯುವ ಬಟನ್ ಬೇರೆ, ಚಿಪ್ ಬೇರೆ. ಬಟನ್ ಕೆಲಸ ಮಾಡುವುದು ಹೆಚ್ಚಾಗಿ 433 ಮೆಗಾಹರ್ಟ್ಸ್‌ನಲ್ಲಿ, ಅದಕ್ಕೆ ಸೆಲ್ ಬೇಕು. ಕೀ ತಿರುಗಿಸುವ ಕಾರಿನಲ್ಲಿ ಸೆಲ್ ಸಂಪೂರ್ಣ ಸತ್ತಿದ್ದರೂ ಎಂಜಿನ್ ಸ್ಟಾರ್ಟ್ ಆಗಬೇಕು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳ ಮಾತು ಬೇರೆ. ಅಲ್ಲಿ ಸೆಲ್ ದುರ್ಬಲವಾದರೆ ಕಾರು ಕೀಯನ್ನು ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಹಲವು ಮಾದರಿಗಳಲ್ಲಿ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಕೆಲಸ ನಡೆಯುತ್ತದೆ. ಕೆಲವದರಲ್ಲಿ ಕೀ ಇಡುವ ಜಾಗ ಬೇರೆ ಇರುತ್ತದೆ, ಕಾರಿನ ಕೈಪಿಡಿಯಲ್ಲಿ ಆ ಪುಟವನ್ನು ಇವತ್ತೇ ನೋಡಿಟ್ಟುಕೊಳ್ಳಿ.

ಈಗ ಆ ಗಳಿಗೆಗೆ ಬರೋಣ. ಕಾರು ನಿರಾಕರಿಸಿತು. ಕೀಯನ್ನು ಎರಡನೇ ಸಲ ತಿರುಗಿಸಬೇಡಿ. ಸೆಲ್ಫ್ ಹೊಡೆಯದೆ ಆನ್‌ನಲ್ಲಿ ನಿಲ್ಲಿಸಿ ಮೀಟರ್ ನೋಡಿ. ಬಹುಪಾಲು ಕಾರುಗಳಲ್ಲಿ ಕೀ ದೀಪ ಕೆಲವು ಕ್ಷಣ ಉರಿದು ಆರಬೇಕು. ಬಿಡದೆ ಮಿನುಗುತ್ತಿದ್ದರೆ ಕಾರು ನಿಮ್ಮ ಕೀಯನ್ನು ಗುರುತಿಸಿಲ್ಲ ಎಂದರ್ಥ. ಕಾರು ಲಾಕ್ ಆಗಿ ನಿಂತಿರುವಾಗ ಮಿನುಗುವ ಕೆಂಪು ದೀಪ ಇದಲ್ಲ, ಅದು ಕಾವಲಿನ ದೀಪ. ಅದನ್ನು ಕಂಡು ಗಾಬರಿಯಾಗುವವರೂ ಇದ್ದಾರೆ.

ದೀಪ ಆದ ಮೇಲೆ ಕಿವಿ. ಸೆಲ್ಫ್ ಬಲವಾಗಿ ತಿರುಗಿತು, ಎಂಜಿನ್ ಒಂದು ಕ್ಷಣ ಹಿಡಿಯಿತು, ಮರುಕ್ಷಣ ಸತ್ತಿತು, ಜೊತೆಗೆ ದೀಪ ಮಿನುಗುತ್ತಿದೆ ಎಂದರೆ ಅದು ಇಮ್ಮೊಬಿಲೈಸರ್‌ನ ಕೈಬರಹ. ಸೆಲ್ಫ್ ತಿರುಗುತ್ತಲೇ ಇದೆ, ಎಂಜಿನ್ ಹಿಡಿಯುತ್ತಲೇ ಇಲ್ಲ, ಆದರೆ ದೀಪ ಸರಿಯಾಗಿ ಆರಿದೆ ಎಂದಾದರೆ ಅನುಮಾನವನ್ನು ಬೇರೆ ಕಡೆ ತಿರುಗಿಸಿ. ಟಕಟಕ ಸದ್ದು ಮಾತ್ರ ಬಂದರೆ ಬ್ಯಾಟರಿ ಅಥವಾ ಟರ್ಮಿನಲ್. ಏನೂ ಸದ್ದಿಲ್ಲದಿದ್ದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕ್‌ನಲ್ಲಿದೆಯೇ ನೋಡಿ. ಕ್ಲಚ್ ಒತ್ತದೆ ಸೆಲ್ಫ್ ಹೊಡೆಯದ ಕಾರುಗಳು ಈಗ ಬಹಳ. ಇನ್ನೊಂದು ಮಾತು: ಕೈಯಿಂದ ಗೇರ್ ಹಾಕುವ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಸಾಧ್ಯವಾಯಿತು ಎಂದರೆ ಇಂಧನ ನಿಲ್ಲಿಸುವ ಇಮ್ಮೊಬಿಲೈಸರ್ ನಿರಪರಾಧಿ. ಅದು ತಡೆದಿದ್ದರೆ ಊರೆಲ್ಲ ಸೇರಿ ಟೇಕಲ್ ತನಕ ತಳ್ಳಿದರೂ ಎಂಜಿನ್ ಹಿಡಿಯುತ್ತಿರಲಿಲ್ಲ.

ದೀಪ ಮಿನುಗುತ್ತಿದೆ ಎಂದಿಟ್ಟುಕೊಳ್ಳಿ. ಕೀ ಹೊರತೆಗೆಯಿರಿ. ಈಗ ನಿಮ್ಮ ಗೊಂಚಲನ್ನು ನೋಡಿಕೊಳ್ಳಿ. ಮುಂದಿನ ಸಾಲಿನಲ್ಲಿ ಕುಳಿತಿರುವ ಇವರದನ್ನೇ ತೋರಿಸುತ್ತೇನೆ, ತಪ್ಪು ತಿಳಿಯಬೇಡಿ: ಈ ಕಾರಿನ ಕೀ, ಮನೆಯ ಇನ್ನೊಂದು ಕಾರಿನ ಕೀ, ಸ್ಕೂಟರ್ ಕೀ, ಬೀರುವಿನ ಕೀ, ಕಮ್ಮಸಂದ್ರದ ಕೋಟಿಲಿಂಗೇಶ್ವರದಿಂದ ತಂದ ಹಿತ್ತಾಳೆ ಪದಕ. ಈ ಕೀಯನ್ನು ಲಾಕ್‌ಗೆ ಹಾಕಿದಾಗ ಉಳಿದದ್ದು ಹೇಗೆ ಜೋತಾಡುತ್ತದೆ ನೋಡಿ. ಇನ್ನೊಂದು ಕಾರಿನ ಕೀ ಕೆಳಕ್ಕೆ ಇಳಿಬಿದ್ದರೆ ಕಾಯಿಲ್‌ನಿಂದ ದೂರ, ತೊಂದರೆಯಿಲ್ಲ. ಮಡಚಿಕೊಂಡು ಮೇಲೆ ಬಂದು ಈ ಕೀಯ ತಲೆಗೆ ಅಂಟಿಕೊಂಡರೆ ಅದರ ಚಿಪ್ ಕೂಡ ಎಚ್ಚರಗೊಂಡು ತನ್ನ ಗುರುತನ್ನು ಕೂಗುತ್ತದೆ. ಎರಡು ಉತ್ತರ ಒಟ್ಟಿಗೆ ಬಂದರೆ ಕಾರಿಗೆ ಯಾವುದೂ ಅರ್ಥವಾಗುವುದಿಲ್ಲ. ಲೋಹದ ಪದಕ ಹತ್ತಿರ ಬಂದರೂ ಅಲೆ ದುರ್ಬಲವಾಗುತ್ತದೆ. ಹತ್ತು ಸಲ ಸ್ಟಾರ್ಟ್ ಆಗಿ ಹನ್ನೊಂದನೆಯ ಸಲ ಆಗದಿರುವುದಕ್ಕೆ ಕಾರಣ ಕೆಲವು ಸಲ ಇಷ್ಟೇ. ಒಂಟಿ ಕೀಯಿಂದ ಮತ್ತೆ ಪ್ರಯತ್ನಿಸಿ. ಸ್ಟೀರಿಂಗ್ ಹತ್ತಿರ ಅಗ್ಗದ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದರೆ ಅದನ್ನೂ ಕಿತ್ತು ನೋಡಿ, ಅದರಿಂದಲೂ ಅಡಚಣೆಯಾಗುವುದುಂಟು.

ಆಗಲೂ ಬಗ್ಗದಿದ್ದರೆ ಎರಡನೇ ಕೀ ತೆಗೆಯಿರಿ. ಅದು ಮನೆಯ ಬೀರುವಿನಲ್ಲಿದೆ, ಕಾರು ಮಾಲೂರಿನಲ್ಲಿ ನಿಂತಿದೆ ಎಂದರೆ ಏನು ಪ್ರಯೋಜನ? ಇಂಥ ದೋಷ ಕಾಣಿಸಿಕೊಂಡ ದಿನದಿಂದ ಎರಡನೇ ಕೀಯನ್ನು ಬೇರೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿ. ಮೊದಲನೆಯದು ಸೋತಾಗಲೆಲ್ಲ ಎರಡನೆಯದು ಗೆದ್ದರೆ ದೋಷ ಕೀಯಲ್ಲಿದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ, ಇದನ್ನು ಮಾಡದೆ ಇಸಿಯು ಬಿಚ್ಚುವ ಮೆಕ್ಯಾನಿಕ್ ಬಳಿ ನೀವು ಕಾರು ಬಿಡಬೇಡಿ. ಸವೆದ ಕೀಗೆ ಬಜಾರಿನಲ್ಲಿ ಹೊಸ ಕವಚ ಹಾಕಿಸಿದ್ದೀರಾ ಎಂದೂ ನೆನಪಿಸಿಕೊಳ್ಳಿ. ಬಟನ್ ಬೋರ್ಡು ಹೊಸ ಕವಚಕ್ಕೆ ಬಂದಿರುತ್ತದೆ, ಚಿಪ್ ಹಳೆಯ ಕವಚದ ಮೂಲೆಯಲ್ಲೇ ಅಂಟಿಕೊಂಡು ಕಸದ ಬುಟ್ಟಿಗೆ ಹೋಗಿರುತ್ತದೆ. ಅಥವಾ ಹೊಸದರೊಳಗೆ ಸಡಿಲವಾಗಿ ಬಿದ್ದು ಅತ್ತಿತ್ತ ಉರುಳುತ್ತಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಎರಡೂ ಕೀ ಒಮ್ಮೊಮ್ಮೆ ಸೋಲುತ್ತಿದ್ದರೆ ಕೀ ಬಿಟ್ಟು ಕಾರಿನ ಕಡೆ ನೋಡಬೇಕು. ಕಾರಿನಲ್ಲಿ ಮೊದಲು ಬ್ಯಾಟರಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಮ್ಮೊಬಿಲೈಸರ್ ಹೆಸರಿನಲ್ಲಿ ಬರುವ ದೂರುಗಳಲ್ಲಿ ಬ್ಯಾಟರಿಯೇ ಅಪರಾಧಿಯಾಗಿರುವುದನ್ನು ನಾನು ತುಂಬ ನೋಡಿದ್ದೇನೆ. ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿಯುತ್ತದೆ. ಹೆಚ್ಚು ಕುಸಿದರೆ ಚಿಕ್ಕ ಕಂಪ್ಯೂಟರ್‌ಗಳು ಅರೆಕ್ಷಣ ಕಣ್ಣು ಮುಚ್ಚಿ ತೆರೆಯುತ್ತವೆ. ಇಮ್ಮೊಬಿಲೈಸರ್ ಮತ್ತು ಇಸಿಯು ನಡುವಿನ ಮಾತುಕತೆ ಮುರಿಯುತ್ತದೆ, ದೀಪ ಮಿನುಗುತ್ತದೆ. ಸೆಲ್ಫ್ ಮಾತ್ರ ಹೇಗೋ ತಿರುಗಿರುತ್ತದೆ, ಹಾಗಾಗಿ ‘ಬ್ಯಾಟರಿ ಚೆನ್ನಾಗಿದೆ’ ಎಂದು ನೀವು ವಾದಿಸುತ್ತೀರಿ. ಮಲ್ಟಿಮೀಟರ್ ಇಟ್ಟು ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ಣ ಚಾರ್ಜ್, 12.2ಕ್ಕೆ ಬಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಅದನ್ನು ನಂಬಬೇಡಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು.

ನಮ್ಮ ಜಿಲ್ಲೆಯಲ್ಲಿ ಬ್ಯಾಟರಿಗೆ ಬರುವ ಒಂದು ರೋಗವನ್ನು ಹೇಳಲೇಬೇಕು. ಮುಚ್ಚಳ ತೆಗೆದು ನೀರು ಹಾಕುವ ಬ್ಯಾಟರಿಗೆ ಕೊಳವೆಬಾವಿಯ ನೀರು ಸುರಿಯುವವರಿದ್ದಾರೆ. ಸಾವಿರ ಅಡಿ ದಾಟಿ ಕೊರೆದು ತೆಗೆದ ನೀರು, ಬಿಸಿನೀರಿನ ಹಂಡೆಯಲ್ಲಿ ಬಿಳಿ ಪದರ ಕಟ್ಟುವ ನೀರು ಅದು. ಫ್ಲೋರೈಡ್ ಹೆಚ್ಚಿದೆ ಎಂದು ಮನುಷ್ಯರಿಗೇ ಶುದ್ಧ ನೀರಿನ ಘಟಕ ಇಟ್ಟಿರುವಾಗ, ಅದನ್ನು ಸೀಸದ ಪ್ಲೇಟುಗಳ ಮೇಲೆ ಸುರಿದರೆ ಅವು ಬಾಳುತ್ತವೆಯೇ? ಘಟಕದ ನೀರೂ ಬೇಡ. ಡಿಸ್ಟಿಲ್ಡ್ ವಾಟರ್ ಒಂದೇ ಸರಿ, ಅದರ ಬೆಲೆ ಒಂದು ಪ್ಲೇಟ್ ಬಂಗಾರಪೇಟೆ ಪಾನಿಪುರಿಗಿಂತ ಹೆಚ್ಚೇನೂ ಆಗುವುದಿಲ್ಲ.

ಬ್ಯಾಟರಿ ಚೆನ್ನಾಗಿದ್ದರೂ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ, ಸರಿಯಿಲ್ಲದಿದ್ದರೆ ಅದೇ ಕಥೆ. ಎಂಜಿನ್‌ನಿಂದ ಕಾರಿನ ಲೋಹದ ಮೈಗೆ ಹೋಗುವ ಹೆಣೆದ ಪಟ್ಟಿಯನ್ನು ಹುಡುಕಿ. ಮೇಲೆ ಹಸಿರು ಪುಡಿ, ಬೋಲ್ಟ್ ಕೆಳಗೆ ತುಕ್ಕು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್‌ನ ಬರಿಯ ಲೋಹಕ್ಕೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ಮೀರಿ ತೋರಿಸಿದರೆ ಪಟ್ಟಿ ಬಿಚ್ಚಿ ಉಜ್ಜಿ ಹಾಕಬೇಕು.

ಇನ್ನು ಕಾಯಿಲ್ ಮತ್ತು ಅದರ ಕಪ್ಲರ್, ಅಂದರೆ ತಂತಿಗಳನ್ನು ಕೂಡಿಸುವ ಪ್ಲಗ್. ಇದಕ್ಕೆ ತಾಳ್ಮೆ ಬೇಕು, ಹಣ ಬೇಡ. ಸ್ಟೀರಿಂಗ್ ಸುತ್ತಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಕೀ ಆನ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಪ್ರತಿ ಸಲವೂ ಕಪ್ಲರ್‌ನ ಒಂದೊಂದೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ದೀಪ ನೋಡಿ. ಯಾವ ತಂತಿ ಒತ್ತಿದಾಗ ದೀಪದ ನಡತೆ ಬದಲಾಗುತ್ತದೋ ಅಲ್ಲಿ ರೋಗ. ಸ್ಟೀರಿಂಗ್ ಮೇಲೆ ಕೆಳಗೆ ಮಾಡುವ ಸೌಲಭ್ಯವಿದ್ದರೆ ಎರಡೂ ತುದಿಯಲ್ಲಿ ಇಟ್ಟು ನೋಡಿ, ಅಲ್ಲಿ ತಂತಿ ಬಗ್ಗಿ ಬಗ್ಗಿ ಒಳಗೊಳಗೇ ತುಂಡಾಗುವುದುಂಟು. ಬಿಸಿಲಿನಲ್ಲಿ ನಿಂತ ಮೇಲೆ ಮಾತ್ರ ತೊಂದರೆಯೇ, ಬೆಳಗಿನ ಚಳಿಯಲ್ಲಿ ಮಾತ್ರವೇ ಎಂಬುದನ್ನೂ ಗಮನಿಸಿ. ಬೆಸುಗೆಯ ಬಿರುಕು ಬಿಸಿಗೆ ಒಂದು ಥರ, ತಂಪಿಗೆ ಇನ್ನೊಂದು ಥರ ಆಡುತ್ತದೆ. ಹೊಲದ ಪಕ್ಕ ಶೆಡ್ ಇರುವವರ ಕಾರಿನಲ್ಲಿ ಇಲಿಯ ಹಲ್ಲಿನ ಗುರುತನ್ನೂ ಹುಡುಕುತ್ತೇನೆ.

ಕೀ ಅಲುಗಿಸಿದಾಗ ಕೀ ದೀಪದ ಜೊತೆ ಮೀಟರ್‌ನ ಉಳಿದ ದೀಪಗಳೂ ಮಂಕಾಗಿ ಹೊತ್ತಿಕೊಂಡರೆ ಅದು ಇಮ್ಮೊಬಿಲೈಸರ್ ಅಲ್ಲ, ಲಾಕ್ ಹಿಂದಿನ ಇಗ್ನಿಷನ್ ಸ್ವಿಚ್ ಸವೆದಿದೆ. ಭಾರದ ಗೊಂಚಲು ಅದನ್ನೂ ಬೇಗ ಸವೆಸುತ್ತದೆ.

ದೀಪ ಸರಿಯಾಗಿ ಆರಿದರೂ ಎಂಜಿನ್ ಹಿಡಿಯದ ಕಾರುಗಳ ಮಾತಿಗೆ ಬರುತ್ತೇನೆ. ವೆಲ್ಲೂರಿನಿಂದ ಹೆದ್ದಾರಿಯಲ್ಲಿ ಬಿರುಸಾಗಿ ಬಂದು ಮುಳಬಾಗಿಲಿನಲ್ಲಿ ದೋಸೆಗೆ ನಿಲ್ಲಿಸುತ್ತೀರಿ. ತಿಂದು ಬಂದು ಕೀ ತಿರುಗಿಸಿದರೆ ಸೆಲ್ಫ್ ಮಾತ್ರ ಸುತ್ತುತ್ತದೆ. ಬೈದುಕೊಂಡು ಇನ್ನೊಂದು ಕಾಫಿ ಕುಡಿದು ಬಂದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇದು ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್, ಅಂದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಭಾಗ. ಓಡುವ ಎಂಜಿನ್ ನಿಂತ ಮೇಲೆ ತಂಪುಗಾಳಿ ನಿಲ್ಲುತ್ತದೆ, ಸುತ್ತಲಿನ ಬಿಸಿ ಸೆನ್ಸರ್‌ಗೆ ಏರುತ್ತದೆ, ಒಳಗಿನ ಸುರುಳಿ ಕೈಕೊಡುತ್ತದೆ. ಎಂಜಿನ್ ತಿರುಗುತ್ತಿದೆ ಎಂದೇ ಇಸಿಯುಗೆ ತಿಳಿಯುವುದಿಲ್ಲ, ಇಂಧನ ಬಿಡುವುದಿಲ್ಲ. ಇದಕ್ಕೆ ಕೀ ಬದಲಾಯಿಸಿ ಏನು ಫಲ?

ಇಮ್ಮೊಬಿಲೈಸರ್‌ಗಿಂತ ನನಗೆ ಹೆಚ್ಚು ತಲೆನೋವು ಕೊಡುವುದು ಹೊರಗೆ ಹಾಕಿಸಿದ ಸಾಮಾನು. ಅಂಗಡಿಯಲ್ಲಿ ಕೂರಿಸಿದ ಸೆಂಟರ್ ಲಾಕ್, ಅಲಾರಂ, ಎಂಜಿನ್ ನಿಲ್ಲಿಸುವ ಜಿಪಿಎಸ್. ಒಮ್ಮೆ ಸೆಕೆಂಡ್ ಹ್ಯಾಂಡ್ ಕಾರೊಂದು ಬಂತು. ಎರಡೂ ಕೀ ಸರಿ, ಬ್ಯಾಟರಿ ಹೊಸದು, ಮೀಟರ್ ದೀಪ ಪ್ರತಿ ಸಲ ಆರುತ್ತಿತ್ತು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಪೆಟ್ರೋಲ್ ಪಂಪ್‌ನ ಗುಂಯ್ ಸದ್ದು ಬರಬೇಕು, ಅದು ಕೆಲವು ಸಲ ಬರುತ್ತಿರಲಿಲ್ಲ. ತಂತಿ ಹಿಡಿದುಕೊಂಡು ಹೋದರೆ ಪೆಡಲ್‌ಗಳ ಮೇಲೆ, ಕಾರ್ಪೆಟ್ ಹಿಂದೆ, ಕಪ್ಪು ಟೇಪು ಸುತ್ತಿದ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ ಸಿಕ್ಕಿತು. ಟೇಪಿನ ಅಂಟು ಬಿಸಿಗೆ ಕರಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು. ಒಳಗೆ ತಂತಿಗಳನ್ನು ಬೆಸುಗೆಯಿಲ್ಲದೆ ಬರೀ ಹೊಸೆದಿದ್ದರು. ರಿಲೇ ಒಡೆದು ನೋಡಿದರೆ ಕಾಂಟ್ಯಾಕ್ಟ್ ಎರಡೂ ಕಪ್ಪಗೆ ಸುಟ್ಟಿದ್ದವು. ಹಿಂದಿನ ಮಾಲೀಕರ ಕಾಲದ ಜಿಪಿಎಸ್ ಪೆಟ್ಟಿಗೆಯನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಪಂಪ್‌ನ ಕರೆಂಟ್ ಕತ್ತರಿಸುವ ರಿಲೇ ಮಾತ್ರ ಅಲ್ಲೇ ಉಳಿದಿತ್ತು. ಹೊಸ ಮಾಲೀಕರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅದನ್ನು ತೆಗೆದು ಮೂಲ ತಂತಿಯನ್ನು ಬೆಸುಗೆ ಹಾಕಿ ಕೂಡಿಸಿದ್ದಷ್ಟೇ ರಿಪೇರಿ. ಹಳೆಯ ಕಾರು ಕೊಂಡವರು ಹೊರಗಿನ ವೈರಿಂಗ್ ಏನೇನಿದೆ ಎಂದು ಒಮ್ಮೆ ಬಿಚ್ಚಿಸಿ ನೋಡಿ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ಕ್ಯಾನರ್ ಹಾಕುವ ಮೊದಲು ಬ್ಯಾಟರಿ ಬಿಚ್ಚಬೇಡಿ, ಕೆಲವು ಕಾರುಗಳಲ್ಲಿ ದಾಖಲೆ ಅಳಿಸಿಹೋಗುತ್ತದೆ. ಪಿ 0513 ಬಂದರೆ ಕೀ ತಪ್ಪು ಎಂದು ಕಾರು ಹೇಳುತ್ತಿದೆ. ಪಿ 0633 ಎಂದರೆ ಕೀ ಇಸಿಯುನಲ್ಲಿ ನೋಂದಣಿಯಾಗಿಲ್ಲ. ಯು 0167 ಎಂದರೆ ಇಮ್ಮೊಬಿಲೈಸರ್ ಘಟಕದ ಜೊತೆ ಸಂಪರ್ಕ ತಪ್ಪಿದೆ, ವೈರಿಂಗ್ ಮತ್ತು ವೋಲ್ಟೇಜ್ ನೋಡಿ. ಪಿ 0335 ಬಂದರೆ ಅದೇ ಮುಳಬಾಗಿಲಿನ ಕ್ರ್ಯಾಂಕ್ ಸೆನ್ಸರ್‌ನ ಜಾಡು. ಮೊಬೈಲ್‌ಗೆ ಜೋಡಿಸುವ ಅಗ್ಗದ ರೀಡರ್‌ಗಳು ಹೆಚ್ಚಾಗಿ ಎಂಜಿನ್‌ನ ಕೋಡ್ ಮಾತ್ರ ಓದುತ್ತವೆ, ಇಮ್ಮೊಬಿಲೈಸರ್ ಘಟಕದೊಳಗೆ ಇಣುಕುವುದಿಲ್ಲ. ಅಲ್ಲಿ ಏನೂ ಕಾಣಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಕೋಡ್ ತೋರಿಸುವುದು ಯಾವ ದಾರಿಯಲ್ಲಿ ತೊಂದರೆ ಇದೆ ಎಂಬುದನ್ನು, ಯಾವ ಭಾಗ ಬದಲಾಯಿಸಬೇಕು ಎಂಬುದನ್ನಲ್ಲ.

ನನ್ನ ಬಳಿ ಬರುವವರಿಗೆ ನಾನು ಕೊಡುವ ಮದ್ದು ಒಂದು ಸಣ್ಣ ನೋಟ್‌ಬುಕ್. ಕಾರು ನಿರಾಕರಿಸಿದ ಹೊತ್ತು, ಎಂಜಿನ್ ಬಿಸಿಯೋ ತಣ್ಣಗೋ, ದೀಪ ಹೇಗಿತ್ತು, ಸೆಲ್ಫ್ ಹೇಗೆ ತಿರುಗಿತು, ಯಾವ ಕೀ, ಕೊನೆಗೆ ಏನು ಮಾಡಿದಾಗ ಹಿಡಿಯಿತು. ಬರೆಯಲು ಬೇಸರವಾದರೆ ಮೊಬೈಲ್‌ನಲ್ಲಿ ಮೀಟರ್‌ನ ವಿಡಿಯೊ ತೆಗೆಯಿರಿ, ಸದ್ದೂ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗೊಂಚಲನ್ನೂ ಬಿಚ್ಚಿ, ಬ್ಯಾಟರಿಯನ್ನೂ ಬದಲಾಯಿಸಿ, ಕಪ್ಲರ್‌ಗೂ ಸ್ಪ್ರೇ ಹೊಡೆದರೆ ಕಾರು ಸರಿಹೋಗಬಹುದು, ಕಾರಣ ಮಾತ್ರ ಸಿಗುವುದಿಲ್ಲ, ಮುಂದಿನ ತಿಂಗಳು ಅದೇ ಕಾರು ವಾಪಸ್ ಬರುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ‘ಈ ಇಮ್ಮೊಬಿಲೈಸರನ್ನೇ ತೆಗೆಸಿಬಿಟ್ಟರೆ ಆಗದೇ?’ ಮಾಡಿಕೊಡುವವರು ಸಿಗುತ್ತಾರೆ. ನಾನು ಮಾಡುವುದಿಲ್ಲ. ಕಾಯಿಲ್‌ನ ಒಂದು ಸಡಿಲ ತಂತಿಗಾಗಿ ಕಾರಿನ ಕಾವಲನ್ನೇ ತೆಗೆದಂತಾಗುತ್ತದೆ. ಕಾರು ಕಳವಾದರೆ ವಿಮೆಯವರು ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಕೇಳುತ್ತಾರೆ, ಕಾವಲು ತೆಗೆಸಿದ್ದು ಗೊತ್ತಾದರೆ ವಾದಕ್ಕೆ ಅವರ ಕೈಗೆ ಕೋಲು ಕೊಟ್ಟ ಹಾಗೆ. ಗುಜರಿಯಿಂದ ಇಸಿಯು ತಂದು ಹಾಕುವುದೂ ಅಷ್ಟು ಸರಳವಲ್ಲ, ಅದು ತನ್ನ ಹಳೆಯ ಕಾರಿನ ಕೀಯನ್ನೇ ಕೇಳುತ್ತದೆ.

ಹೊಸ ಕೀ ಮಾಡಿಸುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ತೆಗೆದುಕೊಂಡು ಹೋಗಿ. ಹಲವು ಕಾರುಗಳಲ್ಲಿ ನೋಂದಣಿ ಮಾಡುವಾಗ ಎದುರಿಗೆ ಇಲ್ಲದ ಕೀಗಳು ರದ್ದಾಗುತ್ತವೆ. ಕಾರು ಕೊಂಡಾಗ ಕೀ ಜೊತೆ, ಹೊಸ ಕೀ ಮಾಡಿಸಲು ನೆರವಾಗುವ ಸಂಖ್ಯೆ ಕೆತ್ತಿದ ಚಿಕ್ಕ ಬಿಲ್ಲೆ ಅಥವಾ ಕಾರ್ಡ್ ಕೊಟ್ಟಿದ್ದರೆ, ಅದು ಈಗ ನಿಮ್ಮ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದ್ದರೆ, ಮನೆಗೆ ಹೋದ ಕೂಡಲೇ ತೆಗೆದು ಆರ್‌ಸಿ ಪತ್ರಗಳ ಜೊತೆ ಬೀರುವಿಗೆ ಸೇರಿಸಿ. ಕಳ್ಳನಿಗೂ ಅದರ ಉಪಯೋಗ ಗೊತ್ತಿದೆ.